ಏಳೂವರೆಗೆ ನಿಂತ ರಕ್ತ

“ಏಳೂವರೆ! ಮತ್ತೆ ಅದೇ ಏಳೂವರೆ!” ಸೊಸೆ ರಕ್ತಪರೀಕ್ಷೆಯ ಚೀಟಿಯನ್ನು ಊಟದ ಮೇಜಿಗೆ ಅಪ್ಪಳಿಸಿದ ರಭಸಕ್ಕೆ ನೀರಿನ ಲೋಟ ಉರುಳಿತು. “ಎರಡು ತಿಂಗಳಿಂದ ಸೊಪ್ಪು ಸೋಸಿ ಸೋಸಿ ನನ್ನ ಬೆರಳೇ ಹಸಿರಾಯ್ತು. ನಿಮ್ಮ ರಕ್ತ ಮಾತ್ರ ಕೂದಲೆಳೆಯಷ್ಟೂ ಮೇಲೇಳಲಿಲ್ಲವಲ್ಲ ಅತ್ತೆ!”

ಅತ್ತೆ ಬಟ್ಟೆಯ ಚೂರೊಂದನ್ನು ಎತ್ತಿಕೊಂಡು ಚೆಲ್ಲಿದ ನೀರನ್ನು ಒರೆಸತೊಡಗಿದಳು. ಆ ಕೈಯ ಉಗುರುಗಳು ಸುಣ್ಣದಂತೆ ಬಿಳಿಚಿದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು... ತಿಂಗಳುಗಟ್ಟಲೆ ನಿಲ್ಲದ ಸ್ರಾವಕ್ಕೆ ಗರ್ಭಕೋಶವನ್ನು ತೆಗೆಯಲೇಬೇಕೆಂದು ವೈದ್ಯೆ ಹೇಳಿದ್ದಳು. ಆದರೆ ಹಿಮೋಗ್ಲೋಬಿನ್ ಹತ್ತಕ್ಕೇರದೆ ಕತ್ತರಿ ಮುಟ್ಟಲಾರೆನೆಂದು ಎರಡು ಸಲ ದಿನ ಮುಂದೂಡಿದ್ದಳು. ಇಂದು ಮೂರನೆಯ ಸಲ. ಇನ್ನೂ ತಡವಾದರೆ ಹೃದಯ ತಾಳದು ಎಂದೂ ಎಚ್ಚರಿಸಿದ್ದಳು. ಆಕೆ ಕೇಳಿದ್ದಾದರೂ ಏನು? ಮಾತ್ರೆಯ ಜೊತೆಗೆ ಕಾಳು, ಸೊಪ್ಪು, ಮೇಲೊಂದಿಷ್ಟು ನಿಂಬೆಹುಳಿ. ಊಟದ ಬೆನ್ನಿಗೇ ಚಹಾ ಕೂಡದು. ಉಂಡದ್ದರಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಇಷ್ಟೇ. ಹೊಲಿಗೆ ಅಂಗಡಿಗೆ ಹೊರಡುವ ಮುನ್ನ ಸೊಸೆ ದಿನವೂ ಒಂದು ಬಟ್ಟಲು ತುಂಬಿಸಿ, ತಟ್ಟೆ ಮುಚ್ಚಿ, “ಇದು ನಿಮ್ಮದು, ನಿಮ್ಮೊಬ್ಬರದೇ” ಎಂದು ಹೇಳಿ ಹೋಗುತ್ತಿದ್ದಳು.

ಕೆಳಗಿನ ಷೆಡ್ಡಿನಲ್ಲಿ ಕಬ್ಬಿಣದ ಗೇಟುಗಳನ್ನು ಬೆಸೆಯುವ ಮಗ ಆಗಷ್ಟೇ ಕೈತೊಳೆದು ಬಂದ. “ಏಳೂವರೆ ಶನಿ ಅಂದಮೇಲೆ ಅಷ್ಟು ಬೇಗ ಬಿಡುತ್ತಾ? ಕೆಳಗೆ ಒಂದು ಟನ್ ಕಬ್ಬಿಣ ಬಿದ್ದಿದೆ, ಉಜ್ಜಿ ಪುಡಿ ಮಾಡಿಕೊಡ್ಲಾ ಅಮ್ಮಾ?”

“ನಿಮಗೆ ಎಲ್ಲಾ ತಮಾಷೆ!”

“ತಮಾಷೆ ಆಗಿರೋದು ನನ್ನ ಡಬ್ಬಿ ಕಣೇ. ದಿನಾ ಮಧ್ಯಾಹ್ನ ಸೊಪ್ಪಿನ ಮೇಲೆ ಸೊಪ್ಪು, ಕಡಲೆ ಮೇಲೆ ಕಡಲೆ! ಷೆಡ್ಡಿನವರೆಲ್ಲ ನನ್ನನ್ನ ಮೇಕೆ ಅಂತಾರೆ.”

ಸೊಸೆ ನಿಧಾನವಾಗಿ ತಿರುಗಿದಳು. “ನಿಮ್ಮ ಡಬ್ಬಿಗೆ ನಾನು ಹಾಕೋದು ಒಂದೇ ಸೌಟು.”

ಅತ್ತೆಯ ಕೈ ಒರೆಸುವುದನ್ನು ನಿಲ್ಲಿಸಿತು.

“ಅತ್ತೆ... ನಿಮ್ಮ ಬಟ್ಟಲು ಎಲ್ಲಿಗೆ ಹೋಗ್ತಿತ್ತು?”

“ಬೆಂಕಿ ಮುಂದೆ ದುಡಿಯೋ ಜೀವ ಅದು. ನನಗೆ ತಳದ ಅನ್ನ, ಒಂದು ಲೋಟ ಚಹಾ ಇದ್ರೆ ಆಯ್ತು.”

“ಚಹಾ ಬೇರೆ! ಮಾತ್ರೆ?”

“ಅದೂ ಚಹಾದಲ್ಲೇ. ಬರೀ ನೀರಲ್ಲಿ ಇಳಿಯಲ್ಲ ಕಣೇ.”

“ಅಯ್ಯೋ! ಎರಡು ತಿಂಗಳು ನಾನು ಹೊಳೇಲಿ ಹುಣಸೆಹಣ್ಣು ಕಿವುಚಿದೆನಾ! ಕೋಣದ ಹಾಗಿದ್ದಾರೆ ನಿಮ್ಮ ಮಗ, ಅವರಿಗೆ ತಿನ್ನಿಸಿ ನೀವು ಸಾಯೋದಾ? ಒಂದು ಹಿಡಿ ಕಡಲೆ ತಿನ್ನೋದು ನಿಮಗೆ ಕಬ್ಬಿಣದ ಕಡಲೆ ಆಯ್ತಾ?”

“ಹೌದು, ಆಯ್ತು!” ಅತ್ತೆ ಕಿರುಚಿದಳು. ಮರುಗಳಿಗೆಯೇ ಕುರ್ಚಿಗೆ ಕುಸಿದಳು. “ಆ ಬಟ್ಟಲು ನನ್ನ ಗಂಟಲಲ್ಲಿ ಇಳಿಯಲ್ಲ... ನೀನು ಬಸುರಿಯಾಗಿದ್ದಾಗ ಬಿಳಿಚಿಕೊಂಡು, ತಲೆ ಸುತ್ತಿ ಬಿದ್ದೆ. ನಾಟಕ ಅಂದೆ ನಾನು! ಅವನು ಉಂಡಾದ ಮೇಲೆ ಉಣ್ಣು ಅಂತ ತಳ ಕೆರೆದು ಕೊಟ್ಟೆ. ಎಂಟನೇ ತಿಂಗಳಿಗೆ ಕೂಸು... ತಣ್ಣಗೆ... ಅಂಥವಳಿಗೆ ನೀನು ಮುಚ್ಚಿಟ್ಟು ಹೋಗ್ತೀಯ! ಹೇಗೆ ತಿನ್ನಲಿ, ಹೇಳು?”

ಒಂಬತ್ತು ವರ್ಷ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತದು. ಮೇಜಿನಂಚಿನಿಂದ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಮಗ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ನಿಂತ. ಅಂದು ಮೊದಲು ಉಂಡೆದ್ದವನು ತಾನೇ ಎಂಬುದು ಅವನಿಗೆ ಈಗ ಹೊಳೆದಿರಬೇಕು.

ಸೊಸೆಯ ಕಣ್ಣು ತುಂಬಿತು. ದನಿ ಮಾತ್ರ ತಗ್ಗಲಿಲ್ಲ.

“ಹೇಗೆ ಅಂದ್ರೆ? ಬಾಯಿ ತೆರೆದು, ಅಗಿದು, ನುಂಗಿ! ನೀವು ಹಸಿದು ಸತ್ತರೆ ನನ್ನ ಕೂಸು ಎದ್ದು ಬರುತ್ತಾ? ಅವತ್ತು ನನಗೆ ಅನ್ನ ಸಿಗಲಿಲ್ಲ. ಇನ್ನು ಬೈಯೋಕೆ ನೀವೂ ಸಿಗಬಾರದಾ? ಈ ಸಿಟ್ಟನ್ನೆಲ್ಲ ಇಟ್ಕೊಂಡು ನಾನು ಎಲ್ಲಿಗೆ ಹೋಗಲಿ ಅತ್ತೆ...!”

ಬಿಕ್ಕುತ್ತಲೇ ಎರಡು ಬಟ್ಟಲುಗಳಿಗೆ ಬಡಿಸಿದಳು. ಒಂದನ್ನು ಅತ್ತೆಯ ಮುಂದಿಟ್ಟು, ಇನ್ನೊಂದನ್ನು ಹಿಡಿದು ಎದುರಿಗೇ ಕುಳಿತಳು. ಮಗ ಅಭ್ಯಾಸಬಲದಿಂದ ಕುರ್ಚಿ ಎಳೆದ.

“ನೀವು ಆಮೇಲೆ. ನಾವು ಉಂಡಾಗಲಿ.”

ಅವನು ಒಲೆಯ ಮೇಲಿದ್ದ ಚಹಾ ಪಾತ್ರೆಯನ್ನು ಕೆಳಗಿಳಿಸಿ, ನಿಂಬೆಹಣ್ಣು ಹೆಚ್ಚತೊಡಗಿದ.

ಅತ್ತೆ ಒಂದು ತುತ್ತು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಕೆನ್ನೆಯ ಮೇಲಿಳಿದದ್ದನ್ನು ತೋಳಿನಿಂದ ಒರೆಸಿಕೊಂಡು, “ಉಪ್ಪು ಕಡಿಮೆ” ಎಂದಳು.

ಸೊಸೆ ಹಲ್ಲು ಕಚ್ಚಿದಳು. ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ, ಕ್ಷಮಿಸಿಯೂ ಇರಲಿಲ್ಲ. ಉಪ್ಪಿನ ಡಬ್ಬಿಯನ್ನು ಅತ್ತೆಯ ಕಡೆಗೆ ಸರಿಸಿದಳು.