ಕಲ್ಲಬ್ಯಾಂಕಿನ ಹಿತ್ತಾಳೆ ಗಂಟೆ

"ಖಾಲಾ, ನನ್ನ ಕಳ್ಳ ಅನ್ನಾಕತ್ತಾರ್ರಿ. ಸಂಜೀತನಾ ಗಂಟಿ ಸಿಗಲಿಲ್ಲಂದ್ರ ಪೊಲೀಸ್ರಿಗಿ ಹೇಳ್ತಾರಂತ."

ಮಂಗಳವಾರ ಬೆಳಿಗ್ಗೆ, ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ವಜೀರುನ್ನಿಸಾ ಅವರ ಕಟ್ಟೆಯ ಮೇಲೆ ಬಡಗಿ ಮೋನಪ್ಪ ಅಳುವುದೊಂದು ಬಾಕಿ. ತಪಾಲು ಕಚೇರಿಯಿಂದ ನಿವೃತ್ತರಾದ ಖಾಲಾ ಆಳಂದದಲ್ಲಿ ಕಳೆದದ್ದನ್ನೆಲ್ಲ ಹುಡುಕಿಕೊಡುವವರು. ಅವರ ಮಾಳಿಗೆಯಲ್ಲಿ ಬಾಡಿಗೆಗಿದ್ದ ವಿಜಯಶ್ರೀ ಕಲ್ಲಬ್ಯಾಂಕಿನ ಕ್ಲರ್ಕು. ಪರವೂರಿನವಳು, ದಿನವಿಡೀ ಕೆಲಸ ಬಿಟ್ಟು ಬೇರೆ ಮಾತು ಆಡದವಳು.

ಕಲ್ಲಿನ ಕಟ್ಟಡದ ಕಲ್ಲಬ್ಯಾಂಕು ಊರಿಗೇ ಗುರುತು. ಬಸ್ಸಿನ ಕಂಡಕ್ಟರೂ ಅದನ್ನೇ ಕೂಗುತ್ತಾನೆ. ಆ ಹೆಡ್ಡಾಫೀಸಿನ ಅಧ್ಯಕ್ಷರ ಕೋಣೆಯನ್ನು ಒಂದು ತಿಂಗಳಿಂದ ಹೊಸದು ಮಾಡುತ್ತಿದ್ದರು. ಗಾಜಿನ ಗೋಡೆ, ಇಂಟರ್‌ಕಾಮು, ತಿರುಗುವ ಕುರ್ಚಿ. ಜವಾನನನ್ನು ಕರೆಯಲೆಂದು ಸ್ಥಾಪಕರ ಕಾಲದಿಂದ ಮೇಜಿನ ಮೇಲಿದ್ದ ಹಿತ್ತಾಳೆ ಗಂಟೆ ಸೋಮವಾರ ಕಾಣೆಯಾಗಿತ್ತು. ಬಾಗಿಲಿಗೆ ಎರಡೇ ಕೀಲಿ: ಒಂದು ಮೋನಪ್ಪನದು, ಇನ್ನೊಂದು ಜವಾನ ಗುರುಶಾಂತನದು. ಮೂವತ್ತು ವರ್ಷ ಬಾಗಿಲ ಬದಿಯ ಸ್ಟೂಲಿನ ಮೇಲೆ ಕುಳಿತವನನ್ನು ಯಾರು ಶಂಕಿಸುತ್ತಾರೆ?

"ಇತವಾರ ಹೋಗಿದ್ದೇನು?" ಖಾಲಾ ಭಾನುವಾರದ್ದು ಕೇಳಿದರು.

"ಅಮಾಸಿ ಇತ್ತಲ್ರಿ, ನಾವು ಉಳಿ ಮುಟ್ಟಂಗಿಲ್ಲ. ಶನಿವಾರ ಸಂಜೀಗಿ ಕಟ್ಟಿಗಿ ಹೊಟ್ಟು ಹಂಗೇ ಬಿಟ್ಟು ಹೋದಾಂವ, ಸೋಮವಾರ ಬಂದೇನಿ."

ಮಧ್ಯಾಹ್ನ ಖಾಲಾ ಬ್ಯಾಂಕಿಗೆ ಬಂದರು. ಗಂಟೆ ಕಾಣದ ಸೋಮವಾರ ಬೆಳಿಗ್ಗೆಯೇ ಬೀಗ ಬಿದ್ದಿದ್ದ ಕೋಣೆಯಲ್ಲಿ ಮೇಜು, ಕಿಟಕಿ, ಸ್ಥಾಪಕರ ಫೋಟೊ, ಎಲ್ಲದರ ಮೇಲೂ ಹೊಟ್ಟು. ಬಾಗಿಲ ಒಳಗಿನ ಹಿತ್ತಾಳೆ ಹಿಡಿಕೆ ಮಾತ್ರ ಮುಖ ಕಾಣುವಷ್ಟು ಹೊಳೆಯುತ್ತಿತ್ತು, ಅದರ ಸಂದಿಯಲ್ಲಿ ಹುಣಸೆಹಣ್ಣಿನ ನಾರು ಸಿಕ್ಕಿತ್ತು. ಕೋಣೆ ತೋರಿಸಲು ಬಂದ ವಿಜಯಶ್ರೀ ಅದನ್ನು ನೋಡಿ ಮುಖ ತಿರುಗಿಸಿದಳು.

ಗುರುಶಾಂತ ಚಹಾ ತಂದ. "ಊಟಾ ಆತೇನವಾ?" ಎಂದು ವಿಜಯಶ್ರೀಯನ್ನು ಕೇಳಿದ. ಆ ಕಟ್ಟಡದಲ್ಲಿ ಹಾಗೆ ಕೇಳುವವನು ಅವನೊಬ್ಬನೇ.

"ಇತವಾರ ನೀವು ಬಂದಿದ್ರೇನು?" ಎಂದರು ಖಾಲಾ.

"ಇಲ್ರಿ. ಮನ್ಯಾಗೇ ಇದ್ದೆ."

ಸಂಜೆ ನಾಲ್ಕಕ್ಕೆ ಅಧ್ಯಕ್ಷ ದೌಲತರಾಯರು, ಒಳಾಂಗಣದ ನಕ್ಷೆ ಬರೆದ ಫರಹತ, ಮೋನಪ್ಪ, ಗುರುಶಾಂತ, ವಿಜಯಶ್ರೀ, ಎಲ್ಲರನ್ನೂ ಖಾಲಾ ಆ ಕೋಣೆಗೆ ಕರೆಸಿದರು.

"ಶನಿವಾರ ಸಂಜೀಗಿ ಈ ಹೊಟ್ಟು ಎಲ್ಲಾದ್ರ ಮ್ಯಾಲೂ ಕುಂತದ. ಹಿಡಿಕೀ ಮ್ಯಾಲ ಇಲ್ಲ. ಸೋಮವಾರ ಕೀಲಿ ಬಿತ್ತು. ಅಂದ್ರ ನಡುವಿನ ಅಮಾಸಿ ದಿನ ಯಾರೋ ಅದನ್ನ ತಿಕ್ಕ್ಯಾರ. ಕಳ್ಳ ಗಂಟಿ ಒಯ್ತಾನ, ಹಿಡಿಕಿ ತಿಕ್ಕಿ ಹೋಗಂಗಿಲ್ಲ. ಅಮಾಸಿಗೊಮ್ಮೆ ಹುಣಸಿಹಣ್ಣು ಹಚ್ಚಿ ಇಲ್ಲಿನ ಹಿತ್ತಾಳಿ ತಿಕ್ಕೋರು ಯಾರು, ವಿಜಯಶ್ರೀ?"

ವಿಜಯಶ್ರೀಗೆ ಗೊತ್ತಿತ್ತು. ಮೋನಪ್ಪನ ಬಾಡಿದ ಮುಖ ನೋಡಿ, "ಗುರುಶಾಂತಣ್ಣ," ಎಂದಳು. ಅವಳಿಗೆ ತುಂಬಾ ಸಂಕಟವಾಯಿತು.

ಗುರುಶಾಂತ ಹೊರಹೋಗಿ, ಚಹಾದ ಕಪಾಟಿನಿಂದ ಗಂಟೆ ತಂದು ಮೇಜಿನ ಮೇಲಿಟ್ಟ. "ತಿಕ್ಕಾಕ ಅಂತ ಒಯ್ದೆರಿ. ವಾಪಸ್ ಇಡಾಕ ಮನಸಾಗಲಿಲ್ಲ. ಮೋನಪ್ಪಾ, ನಿನ್ನ ಹೆಸರು ಬಂದಾಗ ಬಾಯಿ ಬಿಡಬೇಕಿತ್ತು. ತಪ್ಪಾತಪ್ಪ."

"ಗಂಟೀನ ಗಾಜಿನ ಪೆಟಗ್ಯಾಗ ಇಡಾಕತ್ತೇವಲ್ಲ," ಎಂದು ಫರಹತ ನಕ್ಷೆ ತೋರಿಸಿದಳು.

"ನೋಡೇನವಾ. ಗಂಟಿಗಿ ಜಾಗಾ ಐತಿ. ನನ್ನ ಸ್ಟೂಲ ಎಲ್ಲೂ ಇಲ್ಲ. ಮನ್ಯಾಗ ನನ್ನ ಕರಿಯೋರು ಯಾರೂ ಇಲ್ರಿ. ಕರಿಯೂದು ಇದೊಂದೇ ಆಗಿತ್ತು."

ದೌಲತರಾಯರು ಮೋನಪ್ಪನಿಗೆ ಕೈಮುಗಿದರು. ಮೋನಪ್ಪ ಉಳಿದ ಕೆಲಸ ಮುಗಿಸಿದ. ಗಾಜಿನ ಗೋಡೆ ಎದ್ದಿತು, ಗಂಟೆ ಪೆಟ್ಟಿಗೆ ಸೇರಿತು. ಗುರುಶಾಂತನನ್ನು ಕೆಳಗಿನ ದಾಖಲೆ ಕೋಣೆಯ ಕೆಲಸಕ್ಕೆ ಹಾಕಿದರು. ಪೆಟ್ಟಿಗೆಯ ಕೀಲಿ ಮಾತ್ರ ಅವನಿಗೇ ಕೊಟ್ಟರು.

ಮುಂದಿನ ಅಮಾವಾಸ್ಯೆಗೆ ಅವನು ಗಂಟೆ ತಿಕ್ಕಿ ಒರೆಸಿ, ಪೆಟ್ಟಿಗೆಯಲ್ಲಿಡುವ ಮುಂಚೆ ಒಮ್ಮೆ ಬಾರಿಸಿದ. ಆಚೆ ಮೇಜಿನಲ್ಲಿದ್ದ ವಿಜಯಶ್ರೀ ಎದ್ದು ಹೋಗಿ ಅವನ ಮುಂದೆ ನಿಂತು, "ಕರದ್ರೇನಣ್ಣಾ?" ಎಂದಳು.