ನುಸಿ ಹತ್ತಿದ ಟ್ಯೂಬು

"ನನ್ನ ನೊಣ ಎಲ್ಲಿ ಅದಾವ್ರಿ?"

ಸಂಶೋಧನೆಗೆಂದು ನೊಣ ಸಾಕುವ ಕೋಣೆಯ ಬಾಗಿಲಲ್ಲೇ ಸಿಂಧು ಸಿಡಿದಳು. ಪುಣೆಯ ಆ ಲ್ಯಾಬಿಗೆ ಹೊಸದಾಗಿ ಸೇರಿದ್ದ ಮಂಡ್ಯದ ಶಮಂತ್ ತಲೆ ಎತ್ತಿದ.

"ಫ್ರೀಜರ್‌ನಲ್ಲಿ. ಎರಡೂ ಟ್ಯೂಬ್‌ನಲ್ಲಿ ನುಸಿ ಇತ್ತು. ನಿನ್ನೆ ನಾನೇ ಹಾಕ್ದೆ."

ನುಸಿ ಕಂಡವರು ಯಾರನ್ನೂ ಕೇಳದೆ ಟ್ಯೂಬನ್ನು ಫ್ರೀಜರ್‌ಗೆ ಹಾಕಬೇಕು, ಇಲ್ಲದಿದ್ದರೆ ಅದು ಹರಡಿ ಎಲ್ಲರ ನೊಣಗಳೂ ಹಾಳು. ಈ ಕಟ್ಟಳೆ ಸಿಂಧುವಿಗೂ ಗೊತ್ತಿತ್ತು.

ಆದರೆ ಆ ನೊಣಗಳು! ಕಾಲಾಡಿಸುವ ಒಂದೇ ನರ ಹಸಿರಾಗಿ ಹೊಳೆಯುವ ತಳಿ ಅದು. ನೊಣದ ಹುಳುವಿಗೆ ಕಾಲಿಲ್ಲ. ಹುಳು ಗೂಡು ಕಟ್ಟಿ ಅದರೊಳಗೆ ಕಾಲು ಮೂಡುವಾಗ, ಎದೆಯಿಂದ ಹೊರಟ ನರ ತನ್ನ ಸ್ನಾಯುವನ್ನೇ ಹುಡುಕಿ ಸೇರುತ್ತದೆ. ಹೇಗೆ? ಅದೇ ಅವಳ ಪಿಎಚ್‌ಡಿ. ತಳಿ ಹೋದರೆ ಅದೂ ಹೋದಂತೆ.

"ಒಂದ್ ಮಾತ್ ಹೇಳಾಕ ಏನಾಗಿತ್ತು? ಹಿಂಜವಾಡಿ ಐಟಿ ಪಾರ್ಕಿಗೆ ಹೋಗಿ ಕಂಪ್ಯೂಟರ್ ಕುಟ್ರಿ, ಈ ಕೆಲಸ ನಿಮಗಲ್ಲ!"

ಅವನು ಮತ್ತೆ ತನ್ನ ಟ್ಯೂಬುಗಳತ್ತ ಬಾಗಿದ. ಸಾರಿ ಅನ್ನಲೂ ಇಲ್ಲ!

ಅಂದಿನಿಂದ ಇಬ್ಬರೂ ಹಾವು-ಮುಂಗುಸಿ. ಮಧ್ಯಾಹ್ನವಾದರೆ ಅವನು ಮಾಯ. 'ಏನ್ ಸೊಕ್ಕು! ನನ್ನ ಕೆಲಸ ಕೆಡಿಸಿ ತಿರುಗ್ತಾನ...' ಎಂದು ಅವಳು ಹಲ್ಲು ಕಡಿಯುತ್ತಿದ್ದಳು. ಆದರೂ ಕಣ್ಣು ಅವನ ಖಾಲಿ ಕುರ್ಚಿಗೇ ಹೋಗುತ್ತಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು!

ಒಂದು ಭಾನುವಾರ ಖಾಲಿ ಟ್ಯೂಬ್ ತರಲು ಹಿಂದಿನ ಸ್ಟೋರ್‌ರೂಮಿಗೆ ಹೋದಳು. ಅಲ್ಲಿ ಶಮಂತ್! ಸೂಕ್ಷ್ಮದರ್ಶಕದ ಮುಂದೆ ಬಾಗಿ ಕೂತಿದ್ದ. ಪಕ್ಕದ ಟ್ಯೂಬಿನ ಮೇಲೆ ಅವಳದೇ ತಳಿಯ ಹೆಸರು.

"ಏನ್ರೀ ಇದು?"

ಅವನು ಬೆಚ್ಚಿದ. "ಫ್ರೀಜರ್‌ಗೆ ಹಾಕೋ ಮೊದ್ಲು ನಿಮ್ಮ ಟ್ಯೂಬಿಂದ ಗೂಡುಗಳನ್ನ ಬಿಡಿಸಿ, ನುಸಿ ಹೋಗೋ ಹಾಗೆ ತೊಳೆದಿಟ್ಟಿದ್ದೆ. ನುಸಿ ಟ್ಯೂಬ್ ಮುಟ್ಟಿದೋರು ಅವತ್ತು ನೊಣದ ಕೋಣೆಗೆ ವಾಪಸ್ ಬರೋ ಹಾಗಿಲ್ವಲ್ಲ... ಅದಕ್ಕೇ ಮಧ್ಯಾಹ್ನ ಇಲ್ಲೇ ಇರ್ತಿದ್ದೆ."

"ಮತ್ತ ಬೈಸ್ಕೊಂಡು ಸುಮ್ನಿದ್ರಿ?"

"ನುಸಿ ಮತ್ತೆ ಬಂದಿದ್ರೆ? ಆಸೆ ಹುಟ್ಸಿ ಎರಡನೇ ಸಲ ನಿಮ್ಮನ್ನ ನೋಯ್ಸೋಕೆ ನನ್ ಕೈಲಾಗ್ತಿರಲಿಲ್ಲ. ಈಗ ಇವುಗಳ ಮರಿಗಳೂ ಕ್ಲೀನ್ ಆಗಿವೆ. ನೋಡಿ."

ಅವಳು ಬಾಗಿ ನೋಡಿದಳು. ಪುಟ್ಟ ಕಾಲಿನೊಳಗೆ ಹಸಿರು ಎಳೆ, ಸ್ನಾಯುವಿನ ತನಕ. ಮರುಕ್ಷಣ ಎಲ್ಲ ಮಂಜಾಯಿತು. ಅಳುತ್ತಿದ್ದಳು.

"ಆ ನರ ನೋಡಿ ಸಿಂಧು, ಎಷ್ಟು ದೂರದಿಂದ ಬಂದು..."

"ನರದ ಕತಿ ಸಾಕ್ರಿ! ಹೇಳೂದನ್ನ ನೇರ ಹೇಳ್ರಿ."

"ನೀವಂದ್ರೆ ನಂಗೆ ತುಂಬಾ ಇಷ್ಟ."

"ಇದನ್ನೂ ಮುಚ್ಚಿಟ್ಟಿದ್ರೇನು? ಭಾಳ ಸಿಟ್ಟು ಬಂದದ ನನಗ."

"ಗೊತ್ತು... ಇಲ್ಲಿಗೆ ಬಂದಾಯ್ತಲ್ಲ, ಇವತ್ತು ನೀವೂ ನೊಣದ ಕೋಣೆಗೆ ವಾಪಸ್ ಹೋಗೋ ಹಾಗಿಲ್ಲ."

ಸಿಂಧು ಕಣ್ಣೊರೆಸಿಕೊಂಡು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದಳು.

"ಹೋಗ್ತೀನಂತ ಯಾರ್ ಹೇಳ್ಯಾರೋ, ದಡ್ಡ?"