ಸಕ್ಕರೆ ನೀರಿನ ಎರಡು ನಿಮಿಷ

ಈ ಹಾಳು ಕೈಗಳು ಇವತ್ತೂ ತಣ್ಣಗಾಗಿಬಿಟ್ಟವಲ್ಲ!

ಹೊಸ ಸಿಸ್ಟರ್ ತನ್ನ ಬೆರಳುಗಳನ್ನೇ ಶಪಿಸಿಕೊಂಡಳು. ಮನೆಯಲ್ಲಿ ಅಕ್ಕನ ಮಗುವನ್ನು ಎತ್ತಿಕೊಂಡಾಗ ಬೆಚ್ಚಗಿರುವ ಇವೇ ಕೈಗಳಿಗೆ ವಾರ್ಡಿನಲ್ಲಿ ಏನು ಬಡಿಯುತ್ತದೆ?

ಇಲ್ಲಿರುವುದೆಲ್ಲ ತಿಂಗಳು ತುಂಬದೆ ಹುಟ್ಟಿದ ಕೂಸುಗಳು. ಸೂಜಿ ಚುಚ್ಚುವಾಗ ತಲೆಗೊಂದು ಕೈ, ಮಡಚಿದ ಕಾಲಿಗೊಂದು ಕೈ ಇಟ್ಟು, ಇನ್ನೂ ಅಮ್ಮನ ಹೊಟ್ಟೆಯಲ್ಲೇ ಇದ್ದಂತೆ ಒತ್ತಿ ಹಿಡಿಯುವುದು ಅವಳ ಕೆಲಸ. ತಣ್ಣನೆ ಕೈ ತಾಗಿದರೆ ಸೂಜಿಗಿಂತ ಮೊದಲೇ ಮಗು ಬೆಚ್ಚಿಬೀಳುತ್ತದೆ. ಅದಕ್ಕೇ ಪ್ರತಿ ಸಲ ಬಿಸಿನೀರಿನ ನಲ್ಲಿಗೆ ಕೈಯೊಡ್ಡಿ ನಿಲ್ಲುತ್ತಿದ್ದಳು.

"ಓಹೋ, ಮಹಾರಾಣಿಯವರ ಸ್ನಾನ ಆಯ್ತಾ?"

ಮೆಣಸಿನಕಾಯಿ ಡಾಕ್ಟರ್! ವಾರ್ಡಿನವರೆಲ್ಲ ಸೇರಿ ಅವನಿಗೆ ಇಟ್ಟ ಹೆಸರು ಅದು.

"ಮಗು ಅಳೋದು ಕೇಳಬಾರದು ಅಂತ ನಲ್ಲಿ ಬಿಟ್ಕೊಂಡು ನಿಲ್ತೀರಲ್ಲ... ಕಣ್ಮುಚ್ಚಿ ಹಾಲು ಕುಡಿಯೋ ಬೆಕ್ಕೇನ್ರಿ ನೀವು?"

"ಅಲ್ಲ ಸರ್... ಅದು..."

"ಅದು, ಇದು! ಒಂದು ವಾಕ್ಯ ಪೂರ್ತಿ ಮಾಡೋಕೆ ಬರಲ್ವಾ?"

ಬರಲಿಲ್ಲ. ಬೈಗುಳವೆಲ್ಲ ಮನಸ್ಸಿನೊಳಗೇ. 'ಮೂಗಿನ ತುದೀಲಿ ಕೋಪ, ನಾಲಿಗೆ ತುದೀಲಿ ವಿಷ. ಇವನನ್ನು ಕಟ್ಟಿಕೊಳ್ಳುವವಳ ಪಾಡು ದೇವರಿಗೇ ಪ್ರೀತಿ!'

'ಕಟ್ಟಿಕೊಳ್ಳುವವಳು' ಎಂದುಕೊಂಡದ್ದೇ ಕಿವಿ ಬಿಸಿಯಾಯಿತು. ಥೂ! ಕೈಗೆ ಬರಬೇಕಾದ ಬಿಸಿ ಕಿವಿಗೇಕೆ?

ತಪ್ಪೆಲ್ಲ ಅವನ ಒಂದು ಪಿಸುಮಾತಿನದು. ಸೂಜಿ ಹಿಡಿಯುವ ಮುನ್ನ ಅವನು ಗಾಜಿನ ಪೆಟ್ಟಿಗೆಯತ್ತ ಬಾಗಿ, "ಸಾರಿ ಪುಟ್ಟ" ಎನ್ನುತ್ತಿದ್ದ. ಊರಿಗೆಲ್ಲ ಖಾರ ಉಗುಳುವ ಬಾಯಿಗೆ ಇಂಥ ಮಾತೂ ಬರುತ್ತದೆಯೇ! ಕೇಳಿದ ದಿನದಿಂದ ಮನಸ್ಸು ಅವನತ್ತಲೇ ವಾಲುತ್ತದೆಂದು ಅವಳಿಗೆ ತನ್ನ ಮೇಲೇ ಸಿಟ್ಟು.

ಮಧ್ಯಾಹ್ನ ದೊಡ್ಡ ಸಿಸ್ಟರ್ ಕರೆದರು.

"ನಾಳೆಯಿಂದ ನಿನ್ನನ್ನ ಫೈಲ್ ರೂಮಿಗೆ ಹಾಕ್ಬೇಕಂತೆ ಕಣಮ್ಮ. ಅಳು ಕೇಳೋಕಾಗದವರಿಗೆ ಇಲ್ಲೇನು ಕೆಲಸ ಅಂತಾನೆ ಆ ಮೆಣಸಿನಕಾಯಿ. ನಿಜ ಏನೂಂತ ಹೇಳೇ! ಬಾಯಿಗೇನು ಬೀಗ ಹಾಕಿದ್ದೀಯಾ?"

ಅವಳು ತಲೆ ತಗ್ಗಿಸಿದಳು. ನಾಳೆಯಿಂದ ಈ ಕೂಸುಗಳಿಲ್ಲ... 'ಕಲ್ಲೆದೆಯವನು! ಹಾಳಾಗಿ ಹೋಗಲಿ!' ಎಂದುಕೊಂಡರೂ ಕಣ್ಣು ತುಂಬಿತು.

ದಿನದ ಕೊನೆಯ ಸರದಿ ಗುಬ್ಬಚ್ಚಿಯದು. ವಾರ್ಡಿನಲ್ಲೇ ಅತಿ ಚಿಕ್ಕ ಹೆಣ್ಣುಕೂಸು. ಅವಳು ಓಡಿ ನಲ್ಲಿ ತಿರುಗಿಸಿದಳು.

ತಣ್ಣೀರು! ಗೀಸರ್ ಕೆಟ್ಟಿತ್ತು.

ಅಷ್ಟರಲ್ಲಿ ಅವನು ಗುಬ್ಬಚ್ಚಿಯ ನಾಲಿಗೆಗೆ ಸಕ್ಕರೆ ನೀರಿನ ಹನಿ ಬಿಟ್ಟಾಗಿತ್ತು. ಆ ಸಿಹಿ ನೋವನ್ನು ಮಂದ ಮಾಡಲು ಎರಡು ನಿಮಿಷ ಬೇಕು. ಆಮೇಲೆ ರಕ್ತ ಪರೀಕ್ಷೆಗೆಂದು ಹಿಮ್ಮಡಿಗೆ ಸೂಜಿ.

"ಕೈ ಕಟ್ಕೊಂಡು ನಿಲ್ಲೋಕೆ ಬಂದ್ರಾ? ಹಿಡೀರಿ."

ಅವಳು ಕದಲಲಿಲ್ಲ.

"ಕೊನೇ ದಿನಾನೂ ಇದೇ ನಾಟಕ! ನಿಮ್ಮಂಥವರಿಗೆ..."

ಗುಬ್ಬಚ್ಚಿ ತುಟಿ ಚಪ್ಪರಿಸಿತು. ಈಗಲೂ ಹೇಳದಿದ್ದರೆ ತನ್ನ ನಾಚಿಕೆಯ ದಂಡವನ್ನು ಈ ಕೂಸು ತೆರಬೇಕು!

"ಬಾಯ್ಮುಚ್ಚಿ ಸರ್!"

ಯಾರದು ಹೇಳಿದ್ದು? ತಾನೇ!

"ನನ್ನ ಕೈ ಮಂಜುಗಡ್ಡೆ ಥರ ಆಗಿದೆ. ಮುಟ್ಟಿದ್ರೆ ಬೆಚ್ಚಿಬೀಳ್ತಾಳೆ. ನಲ್ಲಿ ಬಿಡ್ತಿದ್ದದ್ದು ಕೈ ಕಾಯಿಸೋಕೆ... ಕಿವಿ ಮುಚ್ಚೋಕಲ್ಲ!"

ಮೆಣಸಿನಕಾಯಿಯ ಖಾರ ಎಲ್ಲಿ ಹೋಯಿತೋ! ಹಿಮ್ಮಡಿ ಬೆಚ್ಚಗಾಗಿಸಲು ಇಟ್ಟಿದ್ದ ಬಿಸಿ ಚೀಲವನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಅವಳ ಅಂಗೈಗೆ ಇಟ್ಟ. ಬೆರಳಿಗೆ ಬಿಸಿ ಏರುವವರೆಗೆ ಕಾದ.

ಅವಳು ಗುಬ್ಬಚ್ಚಿಯನ್ನು ಒತ್ತಿ ಹಿಡಿದಳು.

"ಸಾರಿ ಪುಟ್ಟ."

ಸೂಜಿ ತಾಗಿದಾಗ ಗುಬ್ಬಚ್ಚಿ ಹುಬ್ಬು ಗಂಟಿಕ್ಕಿತು, ಮತ್ತೆ ಸಿಹಿ ಚೀಪಿತು. ಅಷ್ಟೇ!

"ಸಾರಿ..." ಎಂದ ಮತ್ತೊಮ್ಮೆ. ಈ ಸಲ 'ಪುಟ್ಟ' ಇರಲಿಲ್ಲ, ನೋಟ ಅವಳ ಮೇಲಿತ್ತು. "ನಾನೊಬ್ಬ ಕತ್ತೆ. ಫೈಲ್ ರೂಮಿಗೆ ಹೋಗ್ಬೇಡಿ. ವಾರ್ಡಿಗೆ ಬೇಕು ನೀವು... ವಾರ್ಡಿಗೆ ಅಂದ್ರೆ... ಅದು..."

"ಅದು, ಇದು! ಒಂದು ವಾಕ್ಯ ಪೂರ್ತಿ ಮಾಡೋಕೆ ಬರಲ್ವಾ ಸರ್?"

ಅವನು ನಕ್ಕುಬಿಟ್ಟ. ವಾರ್ಡಿನ ಗೋಡೆಗಳೂ ಆ ನಗು ಕಂಡಿರಲಿಲ್ಲ!

"ನನಗೇ ಬೇಕು. ಪೂರ್ತಿ ಆಯ್ತಾ? ಈಗ ನೀವು ಹೇಳಿ... ಈ ಕೈ ಹುಟ್ಟಿದಾಗಿಂದ ಹೀಗೇನಾ?"

"ಇಲ್ಲ ಸರ್. ಮನೇಲಿ ಬೆಚ್ಚಗೇ ಇರುತ್ತೆ."

"ಮತ್ತೆ?"

ಅವಳು ಗುಬ್ಬಚ್ಚಿಯಿಂದ ಕಣ್ಣೆತ್ತಿದಳು.

"ನಿಮ್ಮನ್ನ ಕಂಡಾಗ ಮಾತ್ರ ತಣ್ಣಗಾಗುತ್ತೆ."